ಎಣ್ಣೆ ಪೀಪಾಯಿಯಿಂದ ಎದ್ದ ನಾದ

1976ರ ಏಪ್ರಿಲ್ ತಿಂಗಳು. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ರಾಜಧಾನಿ ಪೋರ್ಟ್ ಆಫ್ ಸ್ಪೇನ್. ಅಲ್ಲಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ಭಾರತ ತಂಡ ನಾಲ್ಕನೆಯ ಇನಿಂಗ್ಸಿನಲ್ಲಿ 403 ರನ್ನುಗಳ ಬೆಟ್ಟವನ್ನು ಹತ್ತಿ ಟೆಸ್ಟ್ ಪಂದ್ಯ ಗೆದ್ದಿತು. ಗಾವಸ್ಕರ್ 102, ಕರ್ನಾಟಕದ ಜಿ.ಆರ್. ವಿಶ್ವನಾಥ್ 112, ಕೊನೆಯವರೆಗೂ ಅಲುಗದೆ ನಿಂತ ಬ್ರಿಜೇಶ್ ಪಟೇಲ್ 49. ಈ ಅಂಕಿಗಳನ್ನು ಇಂದಿಗೂ ಬಾಯಿಪಾಠ ಹೇಳುವ ಅಪ್ಪಂದಿರು, ಅಜ್ಜಂದಿರು ಮನೆ ಮನೆಯಲ್ಲೂ ಸಿಗುತ್ತಾರೆ.

ಆದರೆ ಆ ಮೈದಾನದ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿದ್ದ ಒಂದು ಅಂಗಳದ ಕಥೆ ಬಲ್ಲವರು ಕಡಿಮೆ. ಅದು ‘ಇನ್ವೇಡರ್ಸ್’ ಎಂಬ ವಾದ್ಯತಂಡ ಅಭ್ಯಾಸ ಮಾಡುತ್ತಿದ್ದ ಜಾಗ. ಅಲ್ಲಿ ಪಿಟೀಲಿಲ್ಲ, ಕೊಳಲಿಲ್ಲ, ಚರ್ಮ ಬಿಗಿದ ಡೋಲೂ ಇಲ್ಲ. ಹುಡುಗರು ಕೈಯಲ್ಲಿ ರಬ್ಬರ್ ಸುತ್ತಿದ ಕಡ್ಡಿ ಹಿಡಿದು ನುಡಿಸುತ್ತಿದ್ದುದು ಎಣ್ಣೆ ತುಂಬುವ ಉಕ್ಕಿನ ಪೀಪಾಯಿಗಳನ್ನು! ಕಣ್ಣು ಮುಚ್ಚಿ ಕೇಳಿದರೆ ಗಂಟೆ, ಜಲತರಂಗ, ಆರ್ಗನ್ ಮೂರೂ ಬೆರೆತಂಥ ಇಂಪು. ಕಣ್ಣು ತೆರೆದರೆ ಗುಜರಿ ಅಂಗಡಿಯ ಸರಕು.

ಸ್ಟೀಲ್ ಪ್ಯಾನ್ ಎಂದು ಕರೆಯಲಾಗುವ ಈ ವಾದ್ಯವನ್ನು ಯಾವ ವಿದ್ವಾಂಸರೂ ಯೋಜನೆ ಹಾಕಿ ರೂಪಿಸಲಿಲ್ಲ. ಶಾಲೆ ಬಿಟ್ಟ, ಕೆಲಸವಿಲ್ಲದ, ಊರಿನ ಮರ್ಯಾದಸ್ಥರು ‘ಪುಂಡರು’ ಎಂದು ಕರೆದ ಹುಡುಗರು ಬೀದಿಯಲ್ಲಿ ನಿಂತು ಸುತ್ತಿಗೆಯಿಂದ ಬಡಿದು ಬಡಿದು ಇದನ್ನು ಕಂಡುಕೊಂಡರು. ಅದರ ಹಿಂದೆ ಇರುವುದು ನೂರೈವತ್ತು ವರ್ಷಗಳ ನಿಷೇಧದ ಚರಿತ್ರೆ.

ಕಬ್ಬಿನ ದ್ವೀಪ

ಟ್ರಿನಿಡಾಡ್ ದಕ್ಷಿಣ ಅಮೆರಿಕದ ವೆನೆಜುವೆಲಾ ಕರಾವಳಿಗೆ ಅಂಟಿಕೊಂಡಂತಿರುವ ದ್ವೀಪ. ವಿಸ್ತೀರ್ಣ ಸುಮಾರು 4,800 ಚದರ ಕಿಲೋಮೀಟರು. ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ತುಸು ದೊಡ್ಡದು. 1498ರಲ್ಲಿ ಕೊಲಂಬಸ್ ತನ್ನ ಮೂರನೆಯ ಯಾನದಲ್ಲಿ ಇಲ್ಲಿಗೆ ಬಂದ. ದ್ವೀಪ ಸ್ಪೇನಿನ ವಶವಾಯಿತು. 1783ರಲ್ಲಿ ಸ್ಪೇನಿನ ದೊರೆ ಕ್ಯಾಥೊಲಿಕ್ ವಲಸೆಗಾರರಿಗೆ ಭೂಮಿ ಕೊಡುವುದಾಗಿ ಘೋಷಿಸಿದಾಗ ಫ್ರೆಂಚ್ ತೋಟದ ಮಾಲೀಕರು ಬಂದರು. ಜೊತೆಗೆ ಆಫ್ರಿಕದ ಗುಲಾಮರನ್ನೂ ಕರೆತಂದರು. 1797ರಲ್ಲಿ ಬ್ರಿಟಿಷರು ದ್ವೀಪವನ್ನು ಗೆದ್ದುಕೊಂಡರು. ಹೀಗೆ ಆಡಳಿತ ಇಂಗ್ಲಿಷರದು, ಮಾತು ಫ್ರೆಂಚ್ ಬೆರೆತ ಕ್ರಿಯೋಲ್, ದುಡಿಮೆ ಆಫ್ರಿಕನ್ನರದು ಎಂಬ ವಿಚಿತ್ರ ಸಮಾಜ ಅಲ್ಲಿ ರೂಪುಗೊಂಡಿತು.

ಕ್ರೈಸ್ತರ ಉಪವಾಸದ ದಿನಗಳು ಆರಂಭವಾಗುವ ಮೊದಲು ಫ್ರೆಂಚ್ ಮಾಲೀಕರು ವೇಷ ಧರಿಸಿ ಕುಣಿಯುವ ಕಾರ್ನಿವಲ್ ಆಚರಿಸುತ್ತಿದ್ದರು. ಗುಲಾಮರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. 1834ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೂ ಮಾಲೀಕರಿಗೆ ಕಡ್ಡಾಯವಾಗಿ ದುಡಿಯುವ ಕಟ್ಟಳೆ 1838ರವರೆಗೆ ಉಳಿಯಿತು. ಬಿಡುಗಡೆಯಾದ ಜನ ಬೀದಿಗಿಳಿದರು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ತಮ್ಮನ್ನು ರಾತ್ರೋರಾತ್ರಿ ಅಟ್ಟಿಕೊಂಡು ಹೋಗಿ ದುಡಿಸುತ್ತಿದ್ದುದನ್ನು ಪಂಜು ಹಿಡಿದು, ಡೋಲು ಬಡಿದು, ಕೋಲು ಕಾಳಗ ಆಡಿ ಅಣಕಿಸಿದರು. ‘ಕ್ಯಾನ್‌ಬುಲೇ’ ಎಂಬ ಈ ಮೆರವಣಿಗೆಯೇ ಮುಂದೆ ಕಾರ್ನಿವಲ್ಲಿನ ಜೀವಾಳವಾಯಿತು. ಯಜಮಾನರ ಹಬ್ಬ ಆಳುಗಳ ಹಬ್ಬವಾಯಿತು.

ಡೋಲಿಗೆ ಬಿದ್ದ ಬೀಗ

ಆಳುವವರಿಗೆ ಇದು ರುಚಿಸಲಿಲ್ಲ. ಕತ್ತಲೆಯಲ್ಲಿ ಡೋಲು ಬಡಿದು ಸಾವಿರಾರು ಜನ ಸೇರುವುದೆಂದರೆ ದಂಗೆಯ ಭಯ. 1881ರ ಕಾರ್ನಿವಲ್ಲಿನಲ್ಲಿ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಬೇಕರ್ ಮೆರವಣಿಗೆಯನ್ನು ತಡೆಯಲು ಹೋದಾಗ ಪೋರ್ಟ್ ಆಫ್ ಸ್ಪೇನಿನ ಬೀದಿಗಳಲ್ಲಿ ದೊಡ್ಡ ಘರ್ಷಣೆ ನಡೆಯಿತು. ಮುಂದಿನ ಮೂರು ವರ್ಷಗಳಲ್ಲಿ ಕಾನೂನುಗಳು ಬಂದವು. ಡೋಲು, ಪಂಜು, ಕೋಲು ಹಿಡಿದ ಗುಂಪು ಎಲ್ಲಕ್ಕೂ ಕಡಿವಾಣ.

ಇದರ ಬಿಸಿ ಭಾರತೀಯರಿಗೂ ತಟ್ಟಿತು. ಗುಲಾಮಗಿರಿ ಹೋದ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದರು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ಟ್ರಿನಿಡಾಡ್ ತಲುಪಿತು. 1917ರಲ್ಲಿ ಈ ಕರಾರು ಕೂಲಿಯ ಪದ್ಧತಿ ನಿಲ್ಲುವವರೆಗೆ ಸುಮಾರು 1 ಲಕ್ಷ 44 ಸಾವಿರ ಜನ ಹೀಗೆ ಹೋದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದವರು. ಕೆಲವರು ಮದ್ರಾಸು ಬಂದರಿನಿಂದ ಹತ್ತಿದವರು. ಅವರ ದೊಡ್ಡ ಹಬ್ಬವೆಂದರೆ ಮೊಹರಂ. ಅಲ್ಲಿ ಅದಕ್ಕೆ ‘ಹೊಸೇ’ ಎಂದು ಹೆಸರು. ಹಿಂದೂಗಳು, ಆಫ್ರಿಕನ್ನರು ಕೂಡ ಅದರಲ್ಲಿ ಸೇರುತ್ತಿದ್ದರು. 1884ರ ಅಕ್ಟೋಬರಿನಲ್ಲಿ, ಪಟ್ಟಣದೊಳಗೆ ಬರಬಾರದೆಂಬ ಆಜ್ಞೆಯನ್ನು ಮೀರಿ ತಾಜಿಯಾಗಳನ್ನು ಹೊತ್ತು ಸ್ಯಾನ್ ಫರ್ನಾಂಡೋ ಊರಿನತ್ತ ಬಂದ ಮೆರವಣಿಗೆಯ ಮೇಲೆ ಗುಂಡು ಹಾರಿಸಲಾಯಿತು. ಅನೇಕರು ಸತ್ತರು.

ಹೀಗೆ ಒಂದೇ ದಶಕದಲ್ಲಿ ಆಫ್ರಿಕದ ಡೋಲೂ ಭಾರತದ ತಾಸೆಯೂ ಒಂದೇ ಸರ್ಕಾರದ ಕೆಂಗಣ್ಣಿಗೆ ಗುರಿಯಾದವು. ಡೋಲನ್ನು ಕಸಿದುಕೊಳ್ಳಬಹುದು. ಆದರೆ ಕೈಯಲ್ಲಿರುವ ಲಯವನ್ನು ಕಸಿದುಕೊಳ್ಳುವುದು ಹೇಗೆ?

ಹಾಡೇ ವೃತ್ತಪತ್ರಿಕೆ

ಲಯಕ್ಕೆ ಮೊದಲು ಸಿಕ್ಕ ಆಸರೆ ಕಂಠ. ಕೋಲು ಕಾಳಗದ ಗುಂಪುಗಳಿಗೆ ‘ಚಾಂಟ್‌ವೆಲ್’ ಎಂಬ ಮುಂದಾಳು ಹಾಡುಗಾರನಿರುತ್ತಿದ್ದ. ತನ್ನವರನ್ನು ಹುರಿದುಂಬಿಸುವುದು, ಎದುರಾಳಿಯನ್ನು ಗೇಲಿ ಮಾಡುವುದು ಅವನ ಕೆಲಸ. ಅವನು ಒಂದು ಸಾಲು ಎತ್ತಿಕೊಟ್ಟರೆ ಗುಂಪು ಉತ್ತರ ಕೊಡುತ್ತಿತ್ತು. ಪಶ್ಚಿಮ ಆಫ್ರಿಕದಿಂದ ಬಂದ ಈ ಪ್ರಶ್ನೋತ್ತರದ ಪದ್ಧತಿಯೇ ‘ಕ್ಯಾಲಿಪ್ಸೋ’ ಎಂಬ ಹಾಡಿನ ಬೇರು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಅದರ ಭಾಷೆ ಕ್ರಿಯೋಲಿನಿಂದ ಇಂಗ್ಲಿಷಿಗೆ ಹೊರಳಿತು. ಅಕ್ಷರ ಬಾರದ ಜನಕ್ಕೆ ಅದೇ ವೃತ್ತಪತ್ರಿಕೆ, ಅದೇ ಸಂಪಾದಕೀಯ. ಬೆಲೆ ಏರಿಕೆ, ಮುಷ್ಕರ, ಗವರ್ನರರ ದರ್ಬಾರು ಯಾವುದೂ ಹಾಡಿಗೆ ಹೊರತಲ್ಲ. 1934ರಲ್ಲಿ ಸರ್ಕಾರ ಆಕ್ಷೇಪಾರ್ಹವೆನಿಸಿದ ಹಾಡುಗಳನ್ನು ತಡೆಯುವ ಕಾನೂನನ್ನೂ ತಂದಿತು.

ಹಾಡುಗಾರರು ರಾಜಗಾಂಭೀರ್ಯದ ಹೆಸರಿಟ್ಟುಕೊಳ್ಳುತ್ತಿದ್ದರು: ರೋರಿಂಗ್ ಲಯನ್, ಅಟಿಲಾ ದ ಹುಣ್, ಲಾರ್ಡ್ ಕಿಚನರ್, ಮೈಟಿ ಸ್ಪ್ಯಾರೋ. ಬದುಕು ಕೂಲಿಯದಾದರೂ ವೇದಿಕೆಯ ಮೇಲೆ ‘ಲಾರ್ಡ್’! ಈ ಪೈಕಿ ಅಟಿಲಾ, ಅಂದರೆ ರೇಮಂಡ್ ಕ್ವೆವೆಡೋ, 1950ರಲ್ಲಿ ಶಾಸನಸಭೆಗೇ ಆಯ್ಕೆಯಾದ. 1971ರಲ್ಲಿ ಭಾರತ ಮೊಟ್ಟಮೊದಲ ಬಾರಿಗೆ ವೆಸ್ಟ್ ಇಂಡೀಸನ್ನು ಅದರ ನೆಲದಲ್ಲೇ ಸೋಲಿಸಿದಾಗ ಲಾರ್ಡ್ ರಿಲೇಟರ್ ಎಂಬ ಹಾಡುಗಾರ ಇಪ್ಪತ್ತೊಂದು ವರ್ಷದ ಗಾವಸ್ಕರರನ್ನು ಹೊಗಳಿ ಕ್ಯಾಲಿಪ್ಸೋ ಕಟ್ಟಿದ. ಸೋತವರ ಊರಿನಲ್ಲಿ ಗೆದ್ದವನ ಮೇಲೆ ಹಾಡು! ಆ ಸಂಪ್ರದಾಯದ ದೊಡ್ಡತನ ಇದರಿಂದ ತಿಳಿಯುತ್ತದೆ.

ಬಿದಿರಿನಿಂದ ತಗಡಿಗೆ

ಕಂಠವೇನೋ ಉಳಿಯಿತು, ತಾಳಕ್ಕೆ ಏನು ಮಾಡುವುದು? ಜನ ಬಿದಿರು ಕಡಿದು ತಂದರು. ದಪ್ಪ ಬಿದಿರಿನ ಬೊಂಬನ್ನು ನೆಲಕ್ಕೆ ಕುಟ್ಟಿದರೆ ಗಂಭೀರ ಶಬ್ದ, ತೆಳುವಾದುದನ್ನು ಕೋಲಿನಿಂದ ಬಡಿದರೆ ಚುರುಕು ಶಬ್ದ. ಇದೇ ‘ತಂಬು ಬ್ಯಾಂಬು’. ಫ್ರೆಂಚಿನಲ್ಲಿ ‘ತಂಬೂರ್’ ಎಂದರೆ ಡೋಲು. ಕಾನೂನಿನ ಕಣ್ಣಿಗೆ ಇದು ಡೋಲಲ್ಲ, ಬರೀ ಬಿದಿರು!

ಆದರೆ ಬಿದಿರು ಬೇಗ ಸೀಳುತ್ತದೆ. 1930ರ ದಶಕದಲ್ಲಿ ಹುಡುಗರು ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿಯ ಮುಚ್ಚಳ, ಹಳೆಯ ಮೋಟಾರಿನ ಬ್ರೇಕ್ ಡ್ರಮ್ಮು, ಹೀಗೆ ಕೈಗೆ ಸಿಕ್ಕಿದ ಲೋಹವನ್ನೆಲ್ಲ ಬಡಿಯತೊಡಗಿದರು. ಆ ದಶಕದ ಕೊನೆಗೆ ಬರೀ ಲೋಹದ ವಾದ್ಯಗಳ ತಂಡಗಳು ಕಾಣಿಸಿಕೊಂಡವು.

ಬಡಿಯುತ್ತ ಬಡಿಯುತ್ತ ಒಂದು ಸಂಗತಿ ಹೊಳೆಯಿತು. ಜಾನ್ ಜಾನ್ ಎಂಬ ಬಡಾವಣೆಯ ವಿನ್‌ಸ್ಟನ್ ‘ಸ್ಪ್ರೀ’ ಸೈಮನ್ ಎಂಬ ಹುಡುಗ ತನ್ನ ಡಬ್ಬವನ್ನು ಗೆಳೆಯನಿಗೆ ಎರವಲು ಕೊಟ್ಟನಂತೆ. ಬಲಶಾಲಿ ಗೆಳೆಯ ಬಡಿದ ಹೊಡೆತಕ್ಕೆ ಅದರ ಮೈಯೆಲ್ಲ ನೆಗ್ಗಿ ಹಿಂತಿರುಗಿತು. ನೆಗ್ಗನ್ನು ಒಳಗಿನಿಂದ ಕಲ್ಲಿನಿಂದ ಕುಟ್ಟಿ ಸರಿಪಡಿಸುವಾಗ ಒಂದೊಂದು ಉಬ್ಬಿನಿಂದ ಒಂದೊಂದು ಸ್ವರ ಬರುವುದನ್ನು ಅವನು ಗಮನಿಸಿದನಂತೆ. ಈ ಶೋಧದ ಕೀರ್ತಿ ತಮಗೆ ಸೇರಬೇಕೆಂದು ಬೇರೆ ಬೇರೆ ಬಡಾವಣೆಗಳವರೂ ವಾದಿಸುತ್ತಾರೆ. ಒಂದೇ ಬೀದಿಯ ಹಲವು ಅಂಗಳಗಳಲ್ಲಿ ಹಲವರು ಏಕಕಾಲಕ್ಕೆ ಅದೇ ಪ್ರಯೋಗದಲ್ಲಿ ತೊಡಗಿದ್ದರೆಂಬುದೇ ಹೆಚ್ಚು ಸರಿ.

ಆಗ ಎರಡನೆಯ ಮಹಾಯುದ್ಧ. 1942ರಿಂದ 1945ರವರೆಗೆ ಕಾರ್ನಿವಲ್ಲಿಗೆ ನಿಷೇಧ. ಬೀದಿಯಲ್ಲಿ ಮೆರೆಯಲು ಆಗದ ಹುಡುಗರು ಅಂಗಳಗಳಲ್ಲಿ ಕುಳಿತು ಡಬ್ಬಗಳನ್ನು ತಿದ್ದಿದರು. ಟ್ರಿನಿಡಾಡ್ ತೈಲ ಸಿಗುವ ನಾಡು; ಮೇಲಾಗಿ ಅಮೆರಿಕದ ಸೇನಾನೆಲೆಗಳೂ ಅಲ್ಲಿದ್ದವು. ಎಣ್ಣೆಯ ಖಾಲಿ ಪೀಪಾಯಿಗಳಿಗೆ ಬರವಿರಲಿಲ್ಲ. 1945ರ ಮೇ ತಿಂಗಳಲ್ಲಿ ಯೂರೋಪಿನ ಯುದ್ಧ ಮುಗಿದ ಸುದ್ದಿ ಬಂದಾಗ ಜನ ಲೋಹದ ವಾದ್ಯಗಳೊಡನೆ ಬೀದಿಗೆ ನುಗ್ಗಿದರು. ಮರುವರ್ಷದ ಹೊತ್ತಿಗೆ ಅವುಗಳಲ್ಲಿ ತಾಳವಷ್ಟೇ ಅಲ್ಲ, ಪೂರ್ತಿ ಹಾಡೇ ಕೇಳಿಸುತ್ತಿತ್ತು. ದೊಡ್ಡ ಎಣ್ಣೆ ಪೀಪಾಯಿಯನ್ನು ಮೊದಲು ವಾದ್ಯವಾಗಿಸಿದ ಕೀರ್ತಿ ಸಲ್ಲುವುದು ಓವಲ್ ಮೈದಾನದ ಎದುರಿನ ಇನ್ವೇಡರ್ಸ್ ತಂಡದ ಎಲ್ಲೀ ಮ್ಯಾನೆಟ್‌ಗೆ. ಡಬ್ಬಗಳ ಮೈ ಹೊರಕ್ಕೆ ಉಬ್ಬಿದ್ದರೆ, ಆತ ಪೀಪಾಯಿಯ ಮೈಯನ್ನು ಬಾಣಲೆಯಂತೆ ಒಳಕ್ಕೆ ತಗ್ಗಿಸಿದ.

ಪೀಪಾಯಿಯೊಳಗಿನ ವಿಜ್ಞಾನ

ವಿದ್ಯಾರ್ಥಿಗಳು ಇಲ್ಲಿ ಒಂದಿಷ್ಟು ನಿಂತು ಯೋಚಿಸಬೇಕು. ಒಂದು ತಟ್ಟೆಯನ್ನು ಬಡಿದರೆ ಬರುವುದು ಸದ್ದು. ಅದೇ ತಟ್ಟೆಯಿಂದ ಸ್ವರ ಬರಬೇಕಾದರೆ ಏನಾಗಬೇಕು?

ಪೀಪಾಯಿ ಸುಮಾರು 208 ಲೀಟರ್ ಹಿಡಿಯುವಂಥದು. ಉಕ್ಕಿನ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಮೊದಲು ಅದರ ತಳವನ್ನು ದೊಡ್ಡ ಸುತ್ತಿಗೆಯಿಂದ ಬಡಿದು ಒಳಕ್ಕೆ ಹಿಗ್ಗಿಸುತ್ತಾರೆ. ಅತಿ ಎತ್ತರದ ಸ್ವರಗಳ ‘ಟೆನರ್’ ಪ್ಯಾನಿನಲ್ಲಿ ಈ ತಗ್ಗು ಸುಮಾರು 20 ಸೆಂಟಿಮೀಟರು. ಆಮೇಲೆ ಒಳಮೈಯಲ್ಲಿ ಅಂಡಾಕಾರದ ಮನೆಗಳನ್ನು ಗುರುತಿಸಿ, ಅಂಚಿನಲ್ಲಿ ಉಳಿಯಿಂದ ಸಾಲುಗುಳಿ ಹೊಡೆದು ಒಂದರಿಂದ ಒಂದನ್ನು ಬೇರ್ಪಡಿಸುತ್ತಾರೆ. ಬಳಿಕ ಬೆಂಕಿಯ ಮೇಲೆ ಕಾಯಿಸಿ ತಣಿಸುತ್ತಾರೆ. ಬಡಿತದಿಂದ ಲೋಹದೊಳಗೆ ಸಿಕ್ಕಿಕೊಂಡ ಒತ್ತಡ ಇದರಿಂದ ಸಡಿಲಗೊಂಡು ಉಕ್ಕು ಗಟ್ಟಿಯಾಗುತ್ತದೆ. ಕೊನೆಗೆ ಸಣ್ಣ ಸುತ್ತಿಗೆಯಿಂದ ಮೇಲಿಂದ, ಕೆಳಗಿಂದ ತಟ್ಟಿ ತಟ್ಟಿ ಒಂದೊಂದು ಮನೆಗೂ ಒಂದೊಂದು ಸ್ವರ ಕೂಡಿಸುತ್ತಾರೆ. ಅಂಚಿನಲ್ಲಿರುವ ದೊಡ್ಡ ಮನೆಗಳಿಂದ ಕೆಳಗಿನ ಸ್ವರ, ನಡುವಿನ ಪುಟ್ಟ ಮನೆಗಳಿಂದ ಮೇಲಿನ ಸ್ವರ. ಮಂದ್ರದ ಸ್ವರಗಳಿಗೆ ದೊಡ್ಡ ಮನೆ ಬೇಕಾದುದರಿಂದ ಒಂದು ಪೀಪಾಯಿಗೆ ಮೂರೋ ನಾಲ್ಕೋ ಮಾತ್ರ ಹಿಡಿಸುತ್ತವೆ. ಆದ್ದರಿಂದ ಬಾಸ್ ನುಡಿಸುವವನು ಆರು ಅಥವಾ ಹೆಚ್ಚು ಪೀಪಾಯಿಗಳ ನಡುವೆ ನಿಲ್ಲುತ್ತಾನೆ.

ಕಷ್ಟ ಇರುವುದು ಇನ್ನೂ ಸೂಕ್ಷ್ಮವಾದ ಜಾಗದಲ್ಲಿ. ವೀಣೆಯ ತಂತಿಯನ್ನು ಮೀಟಿದರೆ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಆವರ್ತನದ ಉಪಸ್ವರಗಳೂ ತಾವಾಗಿಯೇ ಏಳುತ್ತವೆ. ಅದಕ್ಕೇ ನಾದ ಇಂಪು. ಲೋಹದ ಹಾಳೆಗೆ ಈ ಗುಣವಿಲ್ಲ. ಅದರ ಉಪಸ್ವರಗಳು ಯದ್ವಾತದ್ವಾ. ಪ್ಯಾನ್ ತಯಾರಿಸುವವನು ಮೂಲ ಸ್ವರವನ್ನಷ್ಟೇ ಅಲ್ಲದೆ ಉಪಸ್ವರಗಳನ್ನೂ ಸುತ್ತಿಗೆಯಿಂದಲೇ ತಿದ್ದಿ ಎರಡರಷ್ಟು, ಮೂರರಷ್ಟಕ್ಕೆ ತಂದು ನಿಲ್ಲಿಸುತ್ತಾನೆ. ಮೊದಲ ತಲೆಮಾರಿನವರ ಬಳಿ ಇದಕ್ಕೆ ಇದ್ದ ಉಪಕರಣ ಎರಡು ಕಿವಿಗಳು ಮಾತ್ರ.

ಸ್ವರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು? ಇದಕ್ಕೆ ಉತ್ತರ ಕೊಟ್ಟವರಲ್ಲಿ ಮುಖ್ಯನಾದವನು ಆಂಟನಿ ವಿಲಿಯಮ್ಸ್. ಆತನ ‘ಜೇಡರ ಬಲೆ’ ವಿನ್ಯಾಸದಲ್ಲಿ ಅಕ್ಕಪಕ್ಕದ ಮನೆಗಳಿಗೆ ಇರುವುದು ಷಡ್ಜ-ಪಂಚಮದ ಸಂಬಂಧ. ಷಡ್ಜದ ಆವರ್ತನ 2 ಆದರೆ ಪಂಚಮದ್ದು 3. ಉದಾಹರಣೆಗೆ ಷಡ್ಜ ಸೆಕೆಂಡಿಗೆ 262 ಕಂಪನವಾದರೆ ಪಂಚಮ ಸುಮಾರು 392. ಹೀಗೆ ಪಂಚಮದಿಂದ ಅದರ ಪಂಚಮಕ್ಕೆ ಹನ್ನೆರಡು ಹೆಜ್ಜೆ ನಡೆದರೆ ಸ, ಪ, ರಿ, ದ, ಗ, ನಿ ಎಂದು ಸಾಗಿ ಹನ್ನೆರಡು ಸ್ವರಸ್ಥಾನಗಳೂ ಮುಗಿದು ಮತ್ತೆ ಷಡ್ಜದ ಹತ್ತಿರಕ್ಕೆ ಬರುತ್ತೇವೆ. ಪೀಪಾಯಿಯ ವೃತ್ತಕ್ಕೆ ಇದು ಹೇಳಿ ಮಾಡಿಸಿದ ಜೋಡಣೆ. ಒಂದು ಮನೆಯನ್ನು ಬಡಿದಾಗ ಪಕ್ಕದ್ದೂ ಸ್ವಲ್ಪ ಕಂಪಿಸಿಯೇ ತೀರುತ್ತದೆ. ಪಕ್ಕದ್ದು ಪಂಚಮವಾದರೆ ಆ ಕಂಪನ ದೋಷವಾಗದೆ ಸಾಥಿಯಾಗುತ್ತದೆ! ಸಂಗೀತ ಕಲಿಯುವ ಮಕ್ಕಳು ತಂಬೂರಿಯ ತಂತಿಗಳನ್ನು ನೆನೆಸಿಕೊಂಡರೆ ಇದು ಕೂಡಲೇ ಅರ್ಥವಾದೀತು.

‘ಪುಂಡರ ವಾದ್ಯ’

ಇಷ್ಟೆಲ್ಲ ಸಾಧಿಸಿದರೂ ಊರು ಅವರನ್ನು ಮೆಚ್ಚಲಿಲ್ಲ. ತಂಡ ತಂಡಗಳ ನಡುವೆ ಬಡಿದಾಟಗಳು ನಡೆಯುತ್ತಿದ್ದುದೂ ನಿಜ. ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳು ಪ್ಯಾನ್ ಅಂಗಳದ ಕಡೆ ಸುಳಿದರೆ ಬೆತ್ತದ ರುಚಿ. ನುಡಿಸುವವನಿಗೆ ಕೆಲಸ ಸಿಗುವುದು ಕಷ್ಟ, ಹೆಣ್ಣು ಸಿಗುವುದು ಇನ್ನೂ ಕಷ್ಟ.

ಆದರೆ ಕೆಲವರು ಬೇರೆ ರೀತಿ ಯೋಚಿಸಿದರು. 1948ರಲ್ಲಿ ‘ಲಿಟ್ಲ್ ಕ್ಯಾರಿಬ್’ ರಂಗಮಂದಿರವನ್ನು ತೆರೆದ ನೃತ್ಯಗಾರ್ತಿ ಬೆರಿಲ್ ಮ್ಯಾಕ್‌ಬರ್ನಿ ಬೀದಿಯ ಪ್ಯಾನನ್ನು ವೇದಿಕೆಗೆ ಕರೆತಂದರು. 1949ರಲ್ಲಿ ಸರ್ಕಾರ ಈ ತಂಡಗಳ ಸ್ಥಿತಿಗತಿ ತಿಳಿಯಲು ಸಮಿತಿಯನ್ನು ನೇಮಿಸಿತು. 1950ರ ದಶಕದ ಆರಂಭದಲ್ಲಿ ಹೇಜಲ್ ಹೆನ್ಲಿ ಎಂಬವರು ‘ಗರ್ಲ್ ಪ್ಯಾಟ್’ ಎಂಬ ಹೆಣ್ಣುಮಕ್ಕಳದೇ ತಂಡ ಕಟ್ಟಿದರು. ಒಳ್ಳೆಯ ಮನೆತನದ ಹುಡುಗಿಯರೇ ಪೀಪಾಯಿ ಮುಟ್ಟಿದ ಮೇಲೆ ‘ಪುಂಡರ ವಾದ್ಯ’ ಎಂಬ ಮಾತಿನ ಮೊನೆ ಸ್ವಲ್ಪ ಮುರಿಯಿತು.

ನಿಜವಾದ ತಿರುವು 1951. ಲಂಡನ್ನಿನಲ್ಲಿ ‘ಫೆಸ್ಟಿವಲ್ ಆಫ್ ಬ್ರಿಟನ್’ ಎಂಬ ಉತ್ಸವ. ಪರಸ್ಪರ ಹೊಡೆದಾಡುತ್ತಿದ್ದ ತಂಡಗಳಿಂದಲೇ ಹನ್ನೊಂದು ಮಂದಿಯನ್ನು ಆರಿಸಿ ಒಂದು ತಂಡ ಕಟ್ಟಲಾಯಿತು. ಹೆಸರು ‘ಟಾಸ್ಪೋ’. ಮ್ಯಾನೆಟ್, ಸೈಮನ್, ವಿಲಿಯಮ್ಸ್ ಮೂವರೂ ಅದರಲ್ಲಿದ್ದರು. ಜನ ಚಂದಾ ಎತ್ತಿ ಪ್ರಯಾಣದ ಖರ್ಚು ಹೊಂದಿಸಿದರು. ಸಂಗೀತ ಕಲಿಸಲು ಬಂದ ಜೋಸೆಫ್ ಗ್ರಿಫಿತ್ ಪೊಲೀಸ್ ಬ್ಯಾಂಡಿನ ಶಿಸ್ತಿನ ಮನುಷ್ಯ. ಹನ್ನೆರಡು ಸ್ವರಗಳೂ ಇರಲೇಬೇಕೆಂದು ಆತ ಹಟ ಹಿಡಿದ. ಬಾಸಿಗೆ ಒಂದರ ಬದಲು ಹಲವು ಪೀಪಾಯಿಗಳು ಬಂದದ್ದು ಹೀಗೆ. ದಾರಿಯಲ್ಲಿ ಒಬ್ಬ ಕಾಯಿಲೆ ಬಿದ್ದು ಹಿಂತಿರುಗಿದ. ಉಳಿದ ಹತ್ತು ಮಂದಿ ಜುಲೈ ತಿಂಗಳಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿ ನುಡಿಸಿದರು. ಇದೇನು ಕಸ ತಂದಿದ್ದಾರೆ ಎಂದು ನೋಡುತ್ತಿದ್ದ ಲಂಡನ್ನಿನ ಜನ ಬೆರಗಾದರು. ಆ ಸುದ್ದಿ ಟ್ರಿನಿಡಾಡಿಗೆ ಮುಟ್ಟಿದ ಮೇಲೆ ಅಲ್ಲಿನ ಮರ್ಯಾದಸ್ಥರ ಕಿವಿಯೂ ತೆರೆಯಿತು. ಮನೆಯಂಗಳದ ಮಲ್ಲಿಗೆಯ ಪರಿಮಳ ಪರದೇಶದವರು ಹೇಳಿದ ಮೇಲೆಯೇ ತಿಳಿಯುವುದು ಎಲ್ಲ ಕಡೆಯ ಕಥೆ.

ತಾಸೆ, ಚಟ್ನಿ ಮತ್ತು ಒಬ್ಬ ಸಮರೂ

ಭಾರತೀಯರ ತಾಸೆಯೂ ಸುಮ್ಮನಾಗಲಿಲ್ಲ. ಮಣ್ಣಿನ ಬೋಗುಣಿಗೆ ಮೇಕೆಯ ಚರ್ಮ ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿ, ಎರಡು ಕಡ್ಡಿಗಳಿಂದ ಬಡಿಯುವ ಟ್ರಿನಿಡಾಡಿನ ‘ಟಾಸ್ಸಾ’ ನಮ್ಮ ಕರಾವಳಿಯ ಹುಲಿವೇಷದ ತಾಸೆಯ ದೂರದ ನೆಂಟ. ಅದೀಗ ಹೊಸೇಯಲ್ಲೂ ಹಿಂದೂ ಮದುವೆಗಳಲ್ಲೂ ಕೇಳಿಸುತ್ತದೆ. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಭಾರತೀಯ ಮೂಲದವರು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು.

ಮದುವೆ ಮನೆಯಲ್ಲಿ ಹೆಂಗಸರು ಹಾಡುತ್ತಿದ್ದ ಭೋಜಪುರಿ ಹಾಡುಗಳಿಗೆ 1970ರ ಸುಮಾರಿಗೆ ಸುಂದರ್ ಪೋಪೋ ಇಂಗ್ಲಿಷ್ ಮಾತನ್ನೂ ಗಿಟಾರನ್ನೂ ಬೆರೆಸಿದ. ಖಾರವಾಗಿರುವ ಈ ಸಂಗೀತಕ್ಕೆ ‘ಚಟ್ನಿ’ ಎಂದೇ ಹೆಸರು! ಅತ್ತ ಭಾರತೀಯರ ನೆರೆಯಲ್ಲಿ ಬೆಳೆದ ಆಫ್ರಿಕನ್ ಮೂಲದ ಲಾರ್ಡ್ ಶಾರ್ಟಿ ಕ್ಯಾಲಿಪ್ಸೋಗೆ ಢೋಲಕ್ಕಿನ ಲಯ ಸೇರಿಸಿ ‘ಸೋಕಾ’ ಎಂಬ ಹೊಸ ಸಂಗೀತ ಹುಟ್ಟಿಸಿದ. 1980ರ ದಶಕದಲ್ಲಿ ದ್ರುಪತೀ ರಾಮಗುಣೈ ಎಂಬ ಯುವತಿ ಎರಡನ್ನೂ ಕೂಡಿಸಿ ಕಾರ್ನಿವಲ್ ವೇದಿಕೆಗೆ ಬಂದಾಗ ಭಾರತೀಯ ಮೂಲದ ಹಿರಿಯರೇ ಆಕೆಯನ್ನು ಖಂಡಿಸಿದರು. ಒಮ್ಮೆ ತಾಜಿಯಾ ಹೊತ್ತುದಕ್ಕೆ ಗುಂಡೇಟು ತಿಂದವರ ಮೊಮ್ಮಕ್ಕಳೇ ಈಗ ಹಾಡಿದವಳ ಮೇಲೆ ಮುನಿದರು. ಆಕೆ ಹಾಡುವುದನ್ನು ನಿಲ್ಲಿಸಲಿಲ್ಲ.

ಜಿತ್ ಸಮರೂ ಅವರದು ಇದಕ್ಕೆ ಜೋಡಿಯಾದ ಕಥೆ. 1950ರಲ್ಲಿ ಭಾರತೀಯ ಮೂಲದ ಬಡ ಕುಟುಂಬದಲ್ಲಿ ಹುಟ್ಟಿದ ಇವರು ಪೋರ್ಟ್ ಆಫ್ ಸ್ಪೇನಿನ ‘ರೆನೆಗೇಡ್ಸ್’ ತಂಡಕ್ಕೆ ಸಂಗೀತ ಸಂಯೋಜಕರಾದರು. ಅದು ಒಂದು ಕಾಲಕ್ಕೆ ಬಡಿದಾಟಕ್ಕೆ ಹೆಸರಾಗಿದ್ದ ಆಫ್ರಿಕನ್ ಮೂಲದವರ ತಂಡ. 1963ರಿಂದ ನಡೆಯುತ್ತಿರುವ ‘ಪನೋರಮಾ’ ಸ್ಪರ್ಧೆಯಲ್ಲಿ ಸಮರೂ ಆ ತಂಡಕ್ಕೆ ಒಂಬತ್ತು ಸಲ ಪ್ರಥಮ ಸ್ಥಾನ ತಂದುಕೊಟ್ಟರು. 2016ರಲ್ಲಿ ಅವರು ತೀರಿಕೊಂಡಾಗ ಎರಡೂ ಸಮುದಾಯಗಳು ಅತ್ತವು.

ಹಡಗಿನ ಜಾಗಕ್ಕೆ ಪೀಪಾಯಿ

1962ರಲ್ಲಿ ಸ್ವತಂತ್ರವಾದ ಟ್ರಿನಿಡಾಡ್ ಮತ್ತು ಟೊಬಾಗೋ 1992ರಲ್ಲಿ ಪ್ಯಾನನ್ನು ರಾಷ್ಟ್ರೀಯ ವಾದ್ಯವೆಂದು ಘೋಷಿಸಿತು. ಮ್ಯಾನೆಟ್ ಅಮೆರಿಕಕ್ಕೆ ಹೋಗಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ಯಾನ್ ತಯಾರಿಕೆಯನ್ನು ಕಲಿಸಿದ, 2018ರಲ್ಲಿ ಕಣ್ಣುಮುಚ್ಚಿದ. 2023ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್ ಪ್ಯಾನ್ ದಿನವೆಂದು ಸಾರಿತು. ಹಿಂದೆ ಅಂಗಳದ ಕಡೆ ಹೋದರೆ ಬೆತ್ತದೇಟು ಬೀಳುತ್ತಿದ್ದ ನಾಡಿನಲ್ಲಿ ಈಗ ಶಾಲಾ ಮಕ್ಕಳಿಗೇ ಪನೋರಮಾ ಸ್ಪರ್ಧೆ ನಡೆಯುತ್ತದೆ.

ಕೊನೆಯದಾಗಿ ಇನ್ನೊಂದು ಸಂಗತಿ. ಆ ದೇಶದ ಲಾಂಛನದಲ್ಲಿ ಕೊಲಂಬಸನ ಮೂರು ಹಡಗುಗಳ ಚಿತ್ರವಿತ್ತು. ಅವನ್ನು ತೆಗೆದು ಸ್ಟೀಲ್ ಪ್ಯಾನ್ ಚಿತ್ರ ಹಾಕುವುದಾಗಿ 2024ರ ಆಗಸ್ಟಿನಲ್ಲಿ ಸರ್ಕಾರ ಪ್ರಕಟಿಸಿತು. 2025ರ ಆರಂಭದಲ್ಲಿ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು. ದ್ವೀಪವನ್ನು ‘ಕಂಡುಹಿಡಿದವನ’ ಹಡಗು ಹೋಗಿ, ದ್ವೀಪದ ಮಕ್ಕಳು ಕಂಡುಹಿಡಿದ ವಾದ್ಯ ಆ ಜಾಗಕ್ಕೆ ಬಂದಿತು.

ಮನೆಯಲ್ಲಿ ಮಗುವೊಂದು ಊಟದ ತಟ್ಟೆಯನ್ನೋ ಹಾಲಿನ ಡಬ್ಬವನ್ನೋ ಚಮಚದಿಂದ ಬಡಿಯುತ್ತ ಕುಳಿತರೆ ಗದರಿಸುವುದು ಸಹಜ. ಗದರಿಸುವ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳಬಹುದು. ಮಗು ತಟ್ಟೆಯ ನಡುವಿಗೊಮ್ಮೆ, ಅಂಚಿಗೊಮ್ಮೆ ಬಡಿದು ವ್ಯತ್ಯಾಸವನ್ನು ಗಮನಿಸುತ್ತಿದ್ದರೆ ಅದು ಗಲಾಟೆಯಲ್ಲ, ಪ್ರಯೋಗ.